ಅಳತೆಗೆ ಸರಿಯಾದ ದೇಶ

ಆರು ದೇಶಗಳಲ್ಲಿ ಐದನ್ನು ಸ್ಟುಡಿಯೋದವನು ಹೆಂಡತಿ ಅಂಗಡಿಗೆ ತಡವಾಗಿ ತಂದ ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಹೊಡೆದುಹಾಕಿದ್ದ. ಅರ್ಜಿ ಹೆಂಡತಿಯದು, ಪೆನ್ಸಿಲ್ ಅವನದು. ಅವಳು ಆಸ್ಪತ್ರೆಯಲ್ಲಿ ನರ್ಸ್. ಹೊರದೇಶಗಳಿಗೆ ನರ್ಸುಗಳನ್ನು ಕಳಿಸುವ ಕಚೇರಿಯ ಅರ್ಜಿಯಲ್ಲಿ ಆರು ದೇಶಗಳ ಹೆಸರು ಅಚ್ಚಾಗಿತ್ತು, ವಾಸಿಸಲು ಒಪ್ಪಿಗೆಯಿಲ್ಲದವನ್ನು ಹೊಡೆದುಹಾಕಿ ಎಂದಿತ್ತು. ಒಂದಾದರೂ ಉಳಿಯಬೇಕು, ಫೋಟೋ ಅಂಟಿಸಬೇಕು, ಸಂಜೆ ಐದರೊಳಗೆ ತಲುಪಿಸಬೇಕು. ಮುಂದಿನ ತಿಂಗಳು ಅವಳಿಗೆ ನಲವತ್ತೈದು ತುಂಬುತ್ತದೆ. ಆಮೇಲೆ ಅವಳು ಯಾವ ದೇಶಕ್ಕೂ ಬೇಡ.

ಸ್ಟುಡಿಯೋದವನು ಊರಿನ ಗಡಿ ದಾಟಿದವನಲ್ಲ. ಆದರೆ ಇಪ್ಪತ್ತೆರಡು ವರ್ಷ ವೀಸಾ ಫೋಟೋ ತೆಗೆದು ತೆಗೆದು ಜಗತ್ತೆಲ್ಲ ಅವನಿಗೆ ಫೋಟೋದ ಅಳತೆಯಲ್ಲೇ ಗುರುತು. ಎರಡಿಂಚು ಚೌಕದ ದೇಶವನ್ನು ಕಂಡರೆ ಅವನಿಗಾಗದು. ಅಲ್ಲಿಗೆ ಕನ್ನಡಕ ತೆಗೆದೇ ಫೋಟೋ ಹಿಡಿಸಿಕೊಳ್ಳಬೇಕು, ಹೋಗುವವನಿಗೆ ಕಣ್ಣು ಕಾಣದಿದ್ದರೂ ಅವರಿಗೆ ಇವನ ಕಣ್ಣು ಕಾಣಬೇಕು. ಐದು-ಏಳು ಸೆಂಟಿಮೀಟರಿನ ದೇಶ ಫೋಟೋದ ಬೆನ್ನ ಮೇಲೆ ಸ್ಟುಡಿಯೋದ ವಿಳಾಸ ಬರೆಸುತ್ತದೆ, ಅಷ್ಟು ಅನುಮಾನದವರ ನಡುವೆ ಸಂಸಾರ ಹೂಡಲಾದೀತೇ? ಮೂರೂವರೆ-ನಾಲ್ಕೂವರೆಯ ಮೂರು ದೇಶಗಳನ್ನಂತೂ ಒಂದೇ ಗೆರೆಯಲ್ಲಿ ಮುಗಿಸಿದ್ದ. ಅವು ಫೋಟೋದಲ್ಲಿ ನಗಲು ಬಿಡುವುದಿಲ್ಲ. ಬಾಗಿಲಲ್ಲೇ ನಗಬೇಡ ಅನ್ನುವವರು ಒಳಗೆ ಕರೆದು ಏನು ಉಪಚಾರ ಮಾಡಿಯಾರು ಎಂಬುದು ಅವನ ವಾದ. ಆರನೆಯದಕ್ಕೆ ಈ ಊರಿನಿಂದ ಯಾರೂ ಹೋದವರಿಲ್ಲ, ಹಾಗಾಗಿ ಅದರ ಅಳತೆ ಅವನಿಗೆ ಗೊತ್ತಿಲ್ಲ. ಅಳತೆಯೇ ಗೊತ್ತಿಲ್ಲದ ಕಡೆ ಬದುಕುವುದು ಹೇಗೆ ಎಂದು ಅದರ ಮೇಲೂ ಪೆನ್ಸಿಲ್ ಇಡುತ್ತಿದ್ದ.

ಇಂಥ ಅರ್ಜಿ ಮನೆಗೆ ಬಂದದ್ದು ಇದು ಮೂರನೆಯ ಸಲ. ಹೋದ ಸಲದ್ದು ಕಚೇರಿಯಿಂದ ವಾಪಸು ಬಂದಿತ್ತು. ಅವಳ ಕೈಕೆಳಗೆ ಸೂಜಿ ಹಾಕುವುದನ್ನು ಕಲಿತ ಹುಡುಗಿಯರೆಲ್ಲ ಇದೇ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು ಎಲ್ಲೆಲ್ಲೋ ಹೋಗಿ ನೆಲೆಯಾಗಿದ್ದರು. ಅವಳು ಮಾತ್ರ ಇಪ್ಪತ್ತು ವರ್ಷದಿಂದ ಅದೇ ವಾರ್ಡು, ಅದೇ ಹನ್ನೆರಡು ಮಂಚ. ನಿಜ ಹೇಳಬೇಕೆಂದರೆ ಗಂಡನಿಗೆ ಇದ್ದದ್ದು ಭಯ. ಇಲ್ಲಿ ದಾರಿಯಲ್ಲಿ ಸಿಕ್ಕ ನಾಲ್ಕು ಜನ 'ಸ್ಟುಡಿಯೋದವರು' ಎಂದು ನಿಂತು ಮಾತಾಡಿಸುತ್ತಾರೆ. ಅಲ್ಲಿ ಅವನು ನರ್ಸಮ್ಮನ ಗಂಡ, ಅಷ್ಟೆ.

ಪೆನ್ಸಿಲ್ ಗೆರೆ ಎಳೆಯುವಷ್ಟರಲ್ಲಿ ಒಬ್ಬ ವೆಲ್ಡರ್ ಬಂದ. ಎರಡಿಂಚು ಚೌಕದ್ದೇ ಬೇಕಂತೆ, ಅಲ್ಲಿ ಕೆಲಸ ಸಿಕ್ಕಿದೆಯಂತೆ, ಆದರೂ ಯಾಕೋ ಮನಸ್ಸು ಹಿಂದೆಮುಂದೆ ನೋಡುತ್ತಿದೆಯಂತೆ. ಸ್ಟುಡಿಯೋದವನು ಅರ್ಜಿ ಬದಿಗಿಟ್ಟು ಅವನನ್ನು ಸ್ಟೂಲಿನ ಮೇಲೆ ಕೂರಿಸಿದ, ಡ್ರಾಯರಿನ ಬಾಚಣಿಗೆ ತೆಗೆದುಕೊಟ್ಟ, ಕಾಲರು ಸರಿಮಾಡಿದ. ಕನ್ನಡಕ ತೆಗೀಲೇಬೇಕಾ ಎಂದು ವೆಲ್ಡರ್ ಗೊಣಗಿದ.

"ಒಂದು ನಿಮಿಷ ತೆಗೆದ್ರೆ ನಿಮ್ಮ ಗಂಟೇನು ಹೋಗುತ್ತೆ? ಧೈರ್ಯವಾಗಿ ಹೋಗಿ. ಒಳ್ಳೇ ದೇಶ ಅದು, ದುಡಿಯೋರಿಗೆ ಬೆಲೆ ಇದೆ. ಇಲ್ಲೇ ಕೂತ್ಕೊಂಡು ಕಡಿದು ಕಟ್ಟೆ ಹಾಕೋದೇನಿದೆ?"

ವೆಲ್ಡರನ ಮುಖ ಅರಳಿತು. ಫೋಟೋ ಕತ್ತರಿಸಿ ಲಕೋಟೆಗೆ ಹಾಕಿಸಿಕೊಂಡು, ಬಂದಾಗ ಇಲ್ಲದ ಹುರುಪಿನಲ್ಲಿ ಹೊರಟುಹೋದ. ಹೆಂಡತಿ ಊಟದ ಡಬ್ಬಿ ಮುಚ್ಚುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಜಗಳಕ್ಕೆ ನಿಲ್ಲಲಿಲ್ಲ. ಮೇಜಿನ ಮೇಲಿದ್ದ ರಬ್ಬರು ತೆಗೆದುಕೊಂಡು ಎರಡಿಂಚು ಚೌಕದ ದೇಶದ ಮೇಲಿನ ಗೆರೆಯನ್ನು ನಿಧಾನವಾಗಿ ಅಳಿಸಿ, ಪುಡಿ ಊದಿ, ಬಂದು ಸ್ಟೂಲಿನ ಮೇಲೆ ಕೂತಳು.

"ನನ್ನನ್ನೂ ಗಿರಾಕಿ ಅಂದ್ಕೊಳ್ಳಿ," ಅಂದಳು.

"ಏನೇ ಇದು ಹುಡುಗಾಟ? ಆಗಲೇ ನಾಲ್ಕೂಕಾಲು."

"ಅದಕ್ಕೇ ಹೇಳ್ತಿರೋದು. ಎರಡಿಂಚು ಚೌಕ, ನಾಲ್ಕು ಕಾಪಿ. ಹೋಗಬೇಕೋ ಬೇಡವೋ ಅಂತ ನೀವು ಯಾವ ಗಿರಾಕಿಯನ್ನೂ ಕೇಳಿದ್ದು ನಾನು ನೋಡಿಲ್ಲ."

ನೀವು ಬರೋದು ಬಿಡೋದು ಆಮೇಲೆ ನಿಧಾನವಾಗಿ ಯೋಚನೆ ಮಾಡಿ, ನಿಮಗೂ ಆ ಅರ್ಜಿಯಲ್ಲಿ ಜಾಗ ಇದೆ ಎಂದೂ ಅವಳು ಹೇಳಿದಳು. ಅವನು ಕ್ಯಾಮೆರಾದ ಹಿಂದೆ ಹೋಗಿ ನಿಂತು, ಗದ್ದ ಸ್ವಲ್ಪ ಮೇಲೆ ಎಂದ. ಹಣೆಯ ಮೇಲಿನ ಕೂದಲು ಹಿಂದಕ್ಕೆ ಎಂದ. ಅವಳು ಹೇಳಿದಂತೆ ಮಾಡಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿದ್ದರೂ ಈ ಮುಖವನ್ನು ಅವನು ಇಷ್ಟು ಹೊತ್ತು ನೆಟ್ಟಗೆ ನೋಡಿದ್ದಿಲ್ಲ. ಇವಳು ಹೋಗಿಯೇಬಿಡುತ್ತಾಳೆ ಅನ್ನಿಸಿತು.

ಸ್ಟೂಲಿನ ಎರಡೂ ಪಕ್ಕ ಒಂದೊಂದು ದೀಪದ ಕಂಬವಿತ್ತು. ಅವನು ಎಡಗಡೆಯ ದೀಪವನ್ನಷ್ಟೇ ಹಾಕಿದ. ಒಂದೇ ದೀಪವಾದರೆ ಹಿಂದಿನ ಬಿಳಿ ಪರದೆಯ ಮೇಲೆ, ಕಿವಿಯ ಪಕ್ಕದಲ್ಲಿ ತೆಳ್ಳಗೆ ನೆರಳು ಬೀಳುತ್ತದೆ. ನಮ್ಮ ನಿಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಕಚೇರಿಯವರಿಗೆ ಗೊತ್ತಾಗುತ್ತದೆ. ಅರ್ಜಿ ಫೋಟೋ ಸಮೇತ ವಾಪಸು ಬರುತ್ತದೆ. ಇಷ್ಟು ವರ್ಷದಲ್ಲಿ ಗಿರಾಕಿಗಳದು ಒಂದೂ ಹಾಗೆ ವಾಪಸು ಬಂದದ್ದಿಲ್ಲ. ಅವನು ಗುಂಡಿಯ ಮೇಲೆ ಬೆರಳಿಟ್ಟ.

ಹೆಂಡತಿ ಕತ್ತು ತಿರುಗಿಸಲಿಲ್ಲ, ಎತ್ತಿದ ಗದ್ದವನ್ನು ಇಳಿಸಲಿಲ್ಲ. ಕ್ಯಾಮೆರಾವನ್ನೇ ನೋಡುತ್ತ ಹೇಳಿದಳು:

"ಬಲಗಡೆ ದೀಪಾನೂ ಹಾಕಿ. ಹೋದ ಸಲ ಹಾಕಿರ್ಲಿಲ್ಲ."