ಸಿಟ್ಟು ಬಂದದ್ದು ನಿಜ

“ಆ ಪಾಠ ಕೇಳಿ ನಿಮ್ಮ ಮಗಳಿಗೆ ಸಿಟ್ಟು ಬಂತೋ, ಇಲ್ಲವೋ?”

ಸರಕಾರಿ ವಕೀಲ ಹ್ಯಾಲ್ವರ್ಸನ್ ಕೇಳಿದ. ಶಾಲೆಯ ಅಡುಗೆಮನೆಯಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ ಹಸಿಂತಾ ಸಾಕ್ಷಿಕಟ್ಟೆಯಲ್ಲಿ ನೆಟ್ಟಗೆ ಕುಳಿತಿದ್ದಳು. ಅರಿಜೋನಾದ ಆ ಊರಿನ ಶಾಲೆಯಲ್ಲಿ ಮೆಕ್ಸಿಕನ್ ಮೂಲದವರ ಚರಿತ್ರೆ ಹೇಳುವ ತರಗತಿಯನ್ನು ಮುಚ್ಚಿಸಿದ್ದರು. ಅದು ಮಕ್ಕಳಲ್ಲಿ ಬೇರೆ ಜನರ ಮೇಲೆ ಸಿಟ್ಟು ಹುಟ್ಟಿಸುತ್ತದೆ, ಕಾನೂನು ಅದಕ್ಕೆ ಒಪ್ಪುವುದಿಲ್ಲ ಎಂಬುದು ಸರಕಾರದ ವಾದ. ತರಗತಿ ಮತ್ತೆ ಬೇಕೆಂದು ಕೋರ್ಟಿಗೆ ಬಂದ ವಿದ್ಯಾರ್ಥಿಗಳಲ್ಲಿ ಹಸಿಂತಾಳ ಮಗಳು ಯಾರೆಲಿ ಒಬ್ಬಳು.

“ಸಿಟ್ಟಿನ ಸುದ್ದಿ ನೀವಾಗಿ ಎತ್ತಬೇಡಿ ದೋನ್ಯಾ ಹಸಿಂತಾ. ಆ ಒಂದು ಪದ ಸಾಕು ಅವರಿಗೆ” ಎಂದು ವಿದ್ಯಾರ್ಥಿಗಳ ಪರ ವಕೀಲೆ ಇನೇಸ್ ಬೆಳಿಗ್ಗೆಯೇ ಎಚ್ಚರಿಸಿದ್ದಳು. ಈಗ ಪ್ರಶ್ನೆಯೇ ಅದಾಗಿತ್ತು.

“ಬಂತು ಸಾರ್. ಜೋರಾಗೇ ಬಂತು.”

ಇನೇಸಳ ಪೆನ್ನು ನಿಂತಿತು. ಹ್ಯಾಲ್ವರ್ಸನ್ ನ್ಯಾಯಾಧೀಶೆಯ ಕಡೆ ನೋಡಿ ಮುಗುಳ್ನಕ್ಕ. “ಯಾರ ಮೇಲೆ? ಬಿಳಿಯರ ಮೇಲೆ ತಾನೆ?”

“ನನ್ನ ಮೇಲೆ.”

“ನಿಮ್ಮ ಮೇಲೆ?”

“ಹೂಂ. ಊರಿನ ಈಜುಕೊಳಕ್ಕೆ ನಮ್ಮ ಜನಾನ ವಾರಕ್ಕೊಂದೇ ದಿನ ಬಿಡ್ತಿದ್ರಂತೆ, ನೀರು ಬದಲಾಯಿಸೋ ಹಿಂದಿನ ದಿನ. ಕ್ಲಾಸಲ್ಲಿ ಕೇಳ್ಕೊಂಡು ಬಂದು ಅವಳು ಅಜ್ಜೀನ ಕೇಳಿದ್ಳು. ನಮ್ಮಮ್ಮನಿಗೆ ಎಂಬತ್ತೆರಡು. ‘ನಿಜ ಕಣೇ, ಹೆಂಗೂ ನೀರು ಚೆಲ್ತಾರಲ್ಲ ಅಂತ ನಾವೂ ಅದರಲ್ಲೇ ಒಂದಕ್ಕೆ ಹೋಗ್ತಿದ್ವಿ’ ಅಂದ್ರು.”

ಕೋರ್ಟು ನಕ್ಕಿತು. ನ್ಯಾಯಾಧೀಶೆ ಕಾಗದದತ್ತ ಮುಖ ತಗ್ಗಿಸಿದರು.

“ಅಜ್ಜಿ, ಮೊಮ್ಮಗಳು ರಾತ್ರಿ ಊಟದವರೆಗೂ ಮಾತಾಡಿದ್ರು ಸಾರ್. ಆಮೇಲೆ ನನ್ನ ಸರದಿ. ‘ಅಮ್ಮಾ, ನಲವತ್ತು ವರ್ಷದಿಂದ ಅಜ್ಜಿ ಮಾಡಿದ ತಮಾಲೆ ತಿಂತಿದೀಯ, ಒಂದಿನಾನಾದ್ರೂ ಇದನ್ನೆಲ್ಲ ಕೇಳಿದೀಯಾ?’ ಅಂತ ರೇಗಿದ್ಳು. ಎರಡು ದಿನ ಮಾತಾಡ್ಲಿಲ್ಲ.”

ಮುಂದಿನ ಸಾಲಿನಲ್ಲಿ ಯಾರೆಲಿ ತಲೆ ತಗ್ಗಿಸಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಹ್ಯಾಲ್ವರ್ಸನ್ ಬಚಾವಾಗುತ್ತಿದ್ದ. ಸಭೆಯ ನಗು ಅವನನ್ನು ಕೆರಳಿಸಿತ್ತು. “ನಿಮ್ಮ ತಾಯಿ ಮನೆಯಲ್ಲೇ ಇದ್ದರಲ್ಲ! ನೀವೇಕೆ ಕೇಳಲಿಲ್ಲ? ಅದಕ್ಕೂ ಸರಕಾರ ಒಂದು ತರಗತಿ ನಡೆಸಬೇಕಿತ್ತೇ?”

ಹಸಿಂತಾ ಆತುರಪಡಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ತೆಗೆದು ಮುಂದಿನ ಕಟ್ಟೆಯ ಮೇಲಿಟ್ಟಳು.

“ಕೇಳೋಕೆ ಏನಾದ್ರೂ ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ ಸಾರ್. ಅದೇ ಊರಿನ ಸರಕಾರಿ ಶಾಲೇಲಿ ಹನ್ನೆರಡು ವರ್ಷ ಓದಿದೀನಿ. ಒಂದು ದಿನಾನೂ ತಪ್ಪಿಸಿಲ್ಲ.”