ಹಕ್ಕಿಯ ಬೆನ್ನು

ಹೆಂಡತಿ ಮೊದಲ ಏಣಿಯ ಮೇಲೆ ಕಾಲಿಟ್ಟಾಗ ಕ್ರೇನ್ ಆಪರೇಟರ್ ಅವಳ ಸೊಂಟದ ಬೆಲ್ಟನ್ನು ಮೂರನೇ ಸಲ ಎಳೆದು ನೋಡಿದ. ವಾರದ ರಜೆಯ ಬೆಳಗು, ಕಟ್ಟಡದ ಸುತ್ತ ಒಬ್ಬ ಆಳೂ ಇರಲಿಲ್ಲ. ಇಪ್ಪತ್ತೆರಡು ಮಹಡಿ ಎದ್ದು ನಿಂತಿತ್ತು, ಅದನ್ನೂ ಮೀರಿ ಕ್ರೇನು. ಕೆಲಸ ಮುಗಿದಿತ್ತು, ನಾಳೆ ಕ್ರೇನನ್ನು ಬಿಚ್ಚುತ್ತಾರೆ.

"ಅಲ್ಲಪ್ಪಾ, ಮದುವೆ ವಾರ್ಷಿಕೋತ್ಸವಕ್ಕೆ ಎಲ್ಲರೂ ಹೆಂಡತಿಗೆ ಉಂಗುರ ಕೊಡಿಸ್ತಾರೆ, ನೀನು ಏಣಿ ಹತ್ತಿಸ್ತೀಯಲ್ಲ," ಎಂದ ಪಕ್ಕದಲ್ಲಿ ನಿಂತಿದ್ದ ಸೂಪರ್‌ವೈಸರ್. ನಾಲ್ಕು ವರ್ಷ ಒಂದು ರಜೆಯನ್ನೂ ಕೇಳದ ಆಪರೇಟರ್ ಇದೊಂದನ್ನು ಕೇಳಿದಾಗ ಅವನಿಗೆ ಇಲ್ಲ ಎನ್ನಲಾಗಿರಲಿಲ್ಲ.

"ಉಂಗುರ ಯಾವ ಅಂಗಡೀಲಾದ್ರೂ ಸಿಗುತ್ತೆ ಸರ್. ಇದು ಸಿಗಲ್ಲ."

ಉಂಗುರ ಕೊಡಿಸುವ ಶಕ್ತಿ ಅವನಿಗಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಅವಳಿಗೆಂದೇ ಅವನು ತಂದದ್ದು ಎರಡು ಸೀರೆ, ಒಂದು ಕೊಡೆ. ಉಳಿದದ್ದೆಲ್ಲ ಬಾಡಿಗೆಗೂ ತಾಯಿಯ ಔಷಧಿಗೂ ಕರಗಿಹೋಗುತ್ತಿತ್ತು. ಅವಳು ಬೆಳಗಿನಿಂದ ಸಂಜೆಯವರೆಗೆ ಒಂದು ನೆಲಮಾಳಿಗೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಅಲ್ಲಿ ಕಿಟಕಿಯಿರಲಿಲ್ಲ. ಹೊರಗೆ ಮಳೆ ಬರುತ್ತಿದೆ ಎಂಬುದು ತಿಳಿಯುತ್ತಿದ್ದುದು ಯಾರಾದರೂ ನೆನೆದುಕೊಂಡು ಒಳಗೆ ಬಂದಾಗಲೇ. ಇಡೀ ಆಕಾಶವನ್ನು ತಾನೊಬ್ಬನೇ ತಿಂದು ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದೇನೆ ಎಂದು ಅವನಿಗೆ ಪ್ರತಿ ಸಂಜೆಯೂ ಅನ್ನಿಸುತ್ತಿತ್ತು.

ಅವಳು ಮುಂದೆ, ಅವನು ಅವಳ ಕೆಳಗೆ. ಏಣಿಗಳ ನಡುವಿನ ನಾಲ್ಕನೇ ಕಟ್ಟೆಯಲ್ಲಿ ಸುಧಾರಿಸಿಕೊಳ್ಳಲು ನಿಂತಾಗ ಕಂಬಿ ಹಿಡಿದಿದ್ದ ಅವಳ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಬೇಕಾಯಿತು.

"ಸಾಕಾ? ಇಳಿದುಬಿಡೋಣ್ವಾ?"

"ಎಷ್ಟು ದಿನದಿಂದ ಆಸೆ ಇಟ್ಕೊಂಡಿದ್ದೀರ. ನಡೀರಿ," ಎಂದಳು.

ಕೊನೆಗೂ ಕ್ಯಾಬಿನ್ನು. ಅಲ್ಲಿದ್ದ ಒಂದೇ ಸೀಟಿನಲ್ಲಿ ಅವಳನ್ನು ಕೂರಿಸಿ, ಹೊಸ ಮನೆ ತೋರಿಸುವವನ ಹಾಗೆ ಅವನು ಶುರು ಮಾಡಿದ. ಅದು ರೈಲು ದಾರಿ, ಅಗೋ ಕೆರೆ, ಆ ಹಳದಿ ಗೋಡೆಯ ಪಕ್ಕದ ತಗಡೇ ನಮ್ಮ ಮನೆ.

"ಚೆನ್ನಾಗಿದೆ," ಎಂದಳು ಅವಳು. "ತುಂಬಾ ಚೆನ್ನಾಗಿದೆ ರೀ."

ಅವನು ತಿರುಗಿ ನೋಡಿದ. ಅವಳ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಅವನು ತಕ್ಷಣ ಗಾಜಿಗೂ ಅವಳಿಗೂ ನಡುವೆ ಮೊಣಕಾಲೂರಿ ಕೂತ. "ಕಣ್ಣು ಬಿಡು. ಊರು ಬೇಡ, ನನ್ನ ಮುಖ ಮಾತ್ರ ನೋಡು." ಅವಳು ಕಣ್ಣು ಬಿಟ್ಟಳು. ಉಸಿರು ಹದಕ್ಕೆ ಬಂದ ಮೇಲೆ ಅವನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದ. ಆಮೇಲೆ ಇನ್ನೊಂದು ಬೆರಳು. ಅವನ ಹೆಗಲಾಚೆ ಕೆರೆಯ ಒಂದು ಅಂಚು ಮೊದಲು ಹೊಳೆಯಿತು. ನಂತರ ರಸ್ತೆಗಳು, ಸಾವಿರ ಸೂರು, ಆ ಸೂರುಗಳ ಮೇಲೆ ಉದ್ದಕ್ಕೆ ಮಲಗಿದ್ದ ಕ್ರೇನಿನ ನೆರಳು. ಅವಳು ತನಗೇ ತಿಳಿಯದಂತೆ ಮುಂದಕ್ಕೆ ಬಾಗಿದಳು.

"ರೀ..." ಎಂದಳು. ದನಿ ಪಿಸುಮಾತಿಗಿಳಿದಿತ್ತು. "ಹಕ್ಕಿ ಬೆನ್ನು ಕಾಣ್ತಿದೆ."

ಅವರ ಪಾದಗಳಿಗಿಂತ ಎಷ್ಟೋ ಕೆಳಗೆ ಒಂದು ಹದ್ದು ರೆಕ್ಕೆ ಹರಡಿ ಸುತ್ತುತ್ತಿತ್ತು. ಅದರ ಕಂದು ಬೆನ್ನಿನ ಮೇಲೆ ಎಳೆಬಿಸಿಲು ಕೂತಿತ್ತು. "ಇಷ್ಟು ವರ್ಷ ಹಾರೋ ಹಕ್ಕಿಯ ಹೊಟ್ಟೆ ಮಾತ್ರ ನೋಡಿದ್ದೆ," ಎಂದಳು. ಹದ್ದು ಮೂರು ಸುತ್ತು ಹಾಕಿತು.

"ಅಣ್ಣ ಜ್ವರದಲ್ಲಿ ಹೋದ ಅಂತ ನಿಮಗೆ ಹೇಳಿದ್ದೆ," ಎಂದಳು ಆಮೇಲೆ, ಹದ್ದಿನಿಂದ ಕಣ್ಣು ಕೀಳದೆ. "ಜ್ವರ ಅಲ್ಲ. ನೀರಿನ ಟ್ಯಾಂಕಿಗೆ ಬಣ್ಣ ಹೊಡೀತಿದ್ದ. ಊಟ ಕೊಡೋಕೆ ಹೋಗಿ ನಾನು ಕೆಳಗೆ ನಿಂತಿದ್ದೆ. ನನ್ನ ಕಣ್ಣೆದುರೇ ಬಿದ್ದ. ಆಮೇಲೆ ನಾನು ಒಂದು ಸ್ಟೂಲೂ ಹತ್ತಿಲ್ಲ. ಅಟ್ಟದ ಡಬ್ಬಕ್ಕೂ ನಿಮ್ಮನ್ನೇ ಕರೆದ್ರೆ ಸೋಮಾರಿ ಅಂತ ನಗ್ತಿದ್ರಲ್ಲ."

ಅವನು ಅವಳ ಮುಖ ನೋಡಿದ. "ಹದಿನಾಲ್ಕು ವರ್ಷ... ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಇಲ್ಲಿ ಕೂತಾಗಲೆಲ್ಲ ನಿಮಗೆ ನನ್ನ ಭಯದ ನೆನಪಾಗ್ತಿತ್ತು. ನೆನಪಾದ್ರೆ ಕೈ ನಡುಗ್ತಿತ್ತು."

ದಿನವೂ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವಳು ನಗುತ್ತಾ ಅವನ ಕೈಗೆ ಡಬ್ಬಿ ಕೊಡುತ್ತಿದ್ದಳು. ಅಪ್ಪಿತಪ್ಪಿಯೂ ಒಮ್ಮೆ 'ಹುಷಾರು' ಎಂದವಳಲ್ಲ. ಇವಳಿಗೆ ತನ್ನ ಚಿಂತೆಯೇ ಇಲ್ಲವೆಂದು ಅವನಿಗೆ ಒಳಗೊಳಗೇ ಒಂದು ಸಣ್ಣ ಮುನಿಸಿತ್ತು. ಆ ನಗು ಏನನ್ನು ಅದುಮಿಟ್ಟುಕೊಂಡಿತ್ತು ಎಂಬುದು ಈಗ, ಈ ಎತ್ತರದಲ್ಲಿ ತಿಳಿಯಿತು. ಎದ್ದು ನಿಲ್ಲಲು ಅವನು ಅವಳ ಸೀಟನ್ನು ಹಿಡಿಯಬೇಕಾಯಿತು.

ಇಳಿಯುವಾಗ ಅವನು ಕೆಳಗೆ, ಅವಳು ಮೇಲೆ. ಒಂದೊಂದು ಮೆಟ್ಟಿಲಿಗೂ ಅವಳ ಪಾದವನ್ನು ಅಂಗೈಯಲ್ಲಿ ಹಿಡಿದು, ಕಂಬಿಯ ಮೇಲೆ ಇರಿಸಿ, ಅದು ಊರಿದೆ ಎಂದು ಖಾತ್ರಿಯಾದ ಮೇಲೆ ಇನ್ನೊಂದಕ್ಕೆ ಕೈ ಚಾಚಿದ. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಾ ನಿಂತಿದ್ದ ಸೂಪರ್‌ವೈಸರ್ ಓಡಿ ಬಂದ. "ಏನಮ್ಮಾ ಇಷ್ಟು ಹೊತ್ತು? ಹೆದರಿಬಿಟ್ರಾ?"

"ನಾನಲ್ಲ," ಎಂದಳು ಅವಳು, ಬೆಲ್ಟು ಬಿಚ್ಚುತ್ತಾ. "ಇವರು."

ಸೂಪರ್‌ವೈಸರ್ ನಗಲು ಬಾಯಿ ತೆರೆದು ಆಪರೇಟರನ ಮುಖ ನೋಡಿದ.

"ಹೌದು ಸರ್," ಎಂದ ಅವನು.