ಕೂಡುರಸ್ತೆಯ ಸೊನ್ನೆ

ಕೂಡುರಸ್ತೆ ನೋಡಲು ಬಂದ ಇಂಜಿನಿಯರು ಫಾರಂನಲ್ಲಿ ದುಂಡಗೆ ಒಂದು ಸೊನ್ನೆ ಬರೆದದ್ದನ್ನು ರಾಚಮ್ಮ ಕಣ್ಣಾರೆ ಕಂಡಳು. ಅಕ್ಷರ ಅಷ್ಟಕ್ಕಷ್ಟೇ ಆದರೂ ಸೊನ್ನೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ!

“ಅದೇನ್ ಸಾ, ಸೊನ್ನೆ ಆಕುದ್ರಿ?” ಎಂದಳು.

“ಮೂರು ವರ್ಷದಲ್ಲಿ ಇಲ್ಲಿ ಎಷ್ಟು ಅಪಘಾತ ಆಗಿದೆ ಅಂತ ಬರೀಬೇಕಮ್ಮ. ಠಾಣೆಯಿಂದ ಮಾಹಿತಿ ತರಿಸಿದ್ದೀನಿ, ಒಂದೂ ಇಲ್ಲ. ಅಪಘಾತವೇ ಇಲ್ಲದ ಕಡೆ ‘ನಿಲ್ಲಿ’ ಅನ್ನೋ ಬೋರ್ಡು ಹಾಕೋಕೆ ಮೇಲಿನವರು ಒಪ್ಪಲ್ಲ.”

ಲೊಕ್ಕನಹಳ್ಳಿಯಾಚೆ, ಕಾಡಂಚಿನಿಂದ ಬರುವ ದಾರಿ ಹನೂರಿನ ರಸ್ತೆಯನ್ನು ಕತ್ತರಿಸುವ ಜಾಗ ಅದು. ಅಲ್ಲಿ ಯಾರೂ ಯಾರಿಗೂ ದಾರಿ ಬಿಟ್ಟವರಲ್ಲ. ದೊಡ್ಡ ಗಾಡಿಯವನು ಮೊದಲು, ಜೋರು ಹಾರನ್ನಿನವನು ಆಮೇಲೆ, ನಡೆದು ಹೋಗುವವರು ದೇವರು ಬಿಟ್ಟರೆ. ಅದೇ ದಾರಿ ದಾಟಿ ಊರಿನ ಮಕ್ಕಳು ದಿನವೂ ಶಾಲೆಗೆ ಹೋಗಬೇಕು.

ಪಕ್ಕದಲ್ಲೇ ನಿಂತಿದ್ದ ಊರ ಯಜಮಾನ ಚಿಕ್ಕಮಾದಪ್ಪ ಸೊನ್ನೆ ನೋಡಿ ಹಿಗ್ಗಿದ. “ನಮ್ಮೂರಿನ ಒಂದ್ ಕೇಸೂವೆ ಠಾಣೆ ಮೆಟ್ಲು ಹತ್ತಿಲ್ಲ ಸಾ. ಏನಿದ್ರೂ ಗುಡಿ ಜಗಲಿ ಮೇಲೇ ಪೈಸಲ್!” ಎಂದು ಮೀಸೆ ತೀಡಿದ.

ಪೈಸಲ್ ಆದದ್ದೇನೋ ನಿಜ. ನಾಗಯ್ಯನ ಭುಜ ಮುರಿದದ್ದು ಇಲ್ಲೇ, ಮುತ್ತಯ್ಯನ ಎತ್ತು ಸತ್ತದ್ದು ಇಲ್ಲೇ. ಎರಡು ವರ್ಷದ ಹಿಂದೆ ಚಿಕ್ಕಮಾದಪ್ಪನ ಮಗ ಶಿವಕುಮಾರಸ್ವಾಮಿ ಹಿಂದೆಮುಂದೆ ನೋಡದೆ ಕಾರು ತಿರುಗಿಸಿ, ರಾಚಮ್ಮನ ಏಳು ವರ್ಷದ ಮಗಳು ಧನುಶ್ರೀಯ ಕಾಲಿನ ಮೇಲೆ ಹತ್ತಿಸಿದ್ದೂ ಇಲ್ಲೇ. ಗುದ್ದಿದವನು ಮಗ, ನ್ಯಾಯ ಹೇಳಿದವನು ಅಪ್ಪ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಒಂದು ಕರೆಯುವ ಹಸು ಕೊಡಿಸಿ, ಠಾಣೆಗೆ ಹೋಗುವುದಿಲ್ಲ ಎಂದು ರಾಚಮ್ಮನಿಂದ ಗುಡಿಯ ಮಾದಪ್ಪ ದೇವರ ಮುಂದೆ ಆಣೆ ಹಾಕಿಸಿದ್ದರು. ಮಗಳ ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಈಗ ಕುಂಟುತ್ತಾಳೆ, ಓಡಲಾರಳು. ಕಳೆದ ಸೋಮವಾರ ಲಾರಿಯೊಂದು ಅವಳ ಹೆಗಲಿನ ಬ್ಯಾಗು ಕಿತ್ತುಕೊಂಡೇ ಹೋಗಿತ್ತು. ಅವತ್ತಿನಿಂದ ರಾಚಮ್ಮನಿಗೆ ಅನ್ನ ಸೇರಿಲ್ಲ.

“ನನ್ ಮಗಳ ಕಾಲು ಮುರುದ್ದು ಇಲ್ಲೇ ಸಾ. ಬರ್ಕಳಿ.”

ಇಂಜಿನಿಯರು ಪೆನ್ನು ಎತ್ತಿ ಯಜಮಾನನ ಮುಖ ನೋಡಿದ. “ದೂರು ಕೊಟ್ಟಿದ್ದೀಯೇನಮ್ಮ? ದೂರಿಲ್ಲದೆ ನಾನು ಬರೆಯೋ ಹಾಗಿಲ್ಲ.”

“ಅದು ಮುಗ್ದೋದ ಮಾತು ಸಾ,” ಚಿಕ್ಕಮಾದಪ್ಪ ನಡುವೆ ಬಾಯಿ ಹಾಕಿದ. “ಹಸ ಕೊಟ್ಟಾಗ್ಯದೆ, ರಾಜಿ ಆಗ್ಯದೆ. ನೀವು ಅಳತೆ ತಕಳಿ.”

ರಾಚಮ್ಮ ಮನೆ ಕಡೆ ನಡೆದಳು. ಹೊತ್ತಿಗೆ ನಾಲ್ಕು ಲೀಟರು ಕೊಡುತ್ತಿದ್ದ ಹಸು. ಎರಡು ವರ್ಷ ಒಲೆ ಉರಿದದ್ದು ಅದರಿಂದಲೇ. ಕಣ್ಣಿ ಬಿಚ್ಚುವಾಗ ಅವಳಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಚಿಕ್ಕಮಾದಪ್ಪನ ಮೇಲೆ ಅರ್ಧ, ಅವತ್ತು ತಲೆಯಾಡಿಸಿದ ತನ್ನ ಮೇಲೆ ಅರ್ಧ.

ಇಂಜಿನಿಯರು ಇನ್ನೂ ಟೇಪು ಹಿಡಿದು ರಸ್ತೆ ಅಳೆಯುತ್ತಿದ್ದ. ಅವಳು ಹಸುವನ್ನೂ ಕರುವನ್ನೂ ಹಿಡಿದುಕೊಂಡು ಕೂಡುರಸ್ತೆಯ ನಟ್ಟನಡುವಿಗೆ ಬಂದು ನಿಂತಳು. ಹನೂರಿಗೆ ಹೊರಟಿದ್ದ ಬಸ್ಸು ಬ್ರೇಕು ಹಾಕಿ ನಿಂತಿತು. ಅವಳು ಹಗ್ಗವನ್ನು ಚಿಕ್ಕಮಾದಪ್ಪನ ಕೈಗೆ ತುರುಕಿದಳು.

“ತಕಳಿ ಯಜಮಾನ್ರೆ, ನಿಮ್ ಹಸ. ಕರ ನಮ್ಮನೇಲಿ ಹುಟ್ಟುದ್ದು, ಅದೂ ಇರ್ಲಿ. ಇನ್ ರಾಜಿ ಇಲ್ಲ.”

“ತಲೆಗಿಲೆ ಕೆಟ್ಟದೇನಮ್ಮಿ? ಮಾದಪ್ಪನ ಮುಂದೆ ಆಣೆ ಇಟ್ಟಿದ್ದೀಯ!”

“ಮಾದಪ್ಪಂಗೆ ತಪ್ಪುಕಾಣಿಕೆ ಕಟ್ತೀನಿ. ಅವನು ದೇವ್ರು, ಇಸ್ಕಂಡು ಸುಮ್ಕಾಯ್ತನೆ. ಲಾರಿಯೋನು ಸುಮ್ಕಾದಾನಾ?”

ಯಜಮಾನನ ದನಿ ಇಳಿಯಿತು. “ನನ್ ಮಗನ ಮೇಲೆ ಕೇಸಾಯ್ತದೆ ಕಣಮ್ಮಿ.”

“ಆಗ್ಲಿ. ನನ್ ಮಗಳಿಗೆ ಕಾಲೇ ಓಗ್ಯದೆ.”

ಇಂಜಿನಿಯರು ಟೇಪು ಸುತ್ತಿ ಜೇಬಿಗಿಟ್ಟುಕೊಂಡ. ಯಾರ ಪರವೂ ಅಲ್ಲದವನಂತೆ ರಸ್ತೆ ನೋಡುತ್ತಲೇ ಹೇಳಿದ: “ದೂರು ಕೊಟ್ಟು, ಅದರ ನಕಲು ತಗೊಂಡು ಬಾಮ್ಮ. ಸೋಮವಾರದ ತನಕ ಫಾರಂ ನನ್ನ ಹತ್ತಿರವೇ ಇರುತ್ತೆ. ಸೊನ್ನೆ ತಿದ್ದೋಕೆ ಎಷ್ಟು ಹೊತ್ತು!”

“ಈಗ್ಲೇ ಓಯ್ತೀನಿ ಸಾ,” ಎನ್ನುತ್ತ ರಾಚಮ್ಮ ಸೆರಗು ಬಿಗಿದು, ನಿಂತಿದ್ದ ಬಸ್ಸಿನ ಕಡೆಗೆ ನಡೆದಳು. ಹಸು ಅವಳ ಹಿಂದೆಯೇ ಹೊರಟಿತು. ಹಗ್ಗ ಹಿಡಿದಿದ್ದ ಚಿಕ್ಕಮಾದಪ್ಪನೂ ದರದರ ಎಳೆಸಿಕೊಂಡು ಅದರ ಹಿಂದೆ ಬಂದ. ಬಸ್ಸಿನೊಳಗೆ ಯಾರೋ ಕಿಸಕ್ಕನೆ ನಕ್ಕರು. ಆಳುಗಳನ್ನು ಎಳೆದಾಡಿ ರೂಢಿಯಿದ್ದ ಮನುಷ್ಯನಿಗೆ ಮೈಯೆಲ್ಲ ಉರಿಯಿತು.

“ಓಗು, ಓಗು!” ಎಂದು ಕೂಗಿದ. “ಎರಡು ವರ್ಷ ಏನ್ ಮಾಡ್ತಿದ್ದೆ ಅಂತ ಠಾಣೇಲಿ ಮೊದ್ಲು ಕೇಳೋದೇ ಅದ್ನ. ಏನಂತೀಯ ಆಗ?”

ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ರಾಚಮ್ಮ ತಿರುಗಿ ನೋಡಿದಳು.

“ನಿಮ್ ಹಸೀನ ಹಾಲು ಕರೀತಿದ್ದೆ ಅಂತೀನಿ. ಅದ್ನೂ ಬರ್ಕಳ್ಳಿ.”